ಸದ್ದಿಲ್ಲದ ಟೀವಿ ಮತ್ತು ದೊಡ್ಡಪ್ಪನ ಬಾಯಿ

ಈ ಅಧ್ಯಾಯವನ್ನು ನಮ್ಮ ದೊಡ್ಡಪ್ಪನ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಸಾಧುವಿನ ವೇಷ ಹಾಕುವ ಕೆಲಸ ತಪ್ಪುತ್ತದೆ. ಹಿರಿಯರು ಆತ್ಮಕಥೆ ಬರೆಯುವಾಗ ಯಾರ ಮೇಲೂ ನನಗೆ ಮುನಿಸಿಲ್ಲ ಎಂದು ಶುರುಮಾಡಿ, ಆಮೇಲೆ ಒಬ್ಬೊಬ್ಬರನ್ನೇ ಹತ್ತಿರ ಕರೆದು ನಯವಾಗಿ ಚಿವುಟುತ್ತಾರೆ. ನನಗೆ ಅಷ್ಟು ವಯಸ್ಸೂ ಆಗಿಲ್ಲ, ಅಷ್ಟು ನಯವೂ ಇಲ್ಲ. ಗಡ್ಡವೇ ಇನ್ನೂ ಒಂದು ಕೆನ್ನೆಗೆ ಬಂದು ಇನ್ನೊಂದು ಕೆನ್ನೆಯ ವಿಚಾರದಲ್ಲಿ ಯೋಚನೆ ಮಾಡುತ್ತಿದೆ. ಆತ್ಮಕಥೆ ಬರೆಯುತ್ತಿದ್ದೇನೆ ಎಂದು ಹೇಳಿದಾಗ ಅವ್ವ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಾಕ್ಲಾ ಮಂಜ, ಮೈ ಉಸಾರಿಲ್ವಾ?”

ಮೈ ಹುಷಾರಾಗಿಯೇ ಇದೆ. ಕೆಟ್ಟಿರುವುದು ಕಿವಿಯ ಚಾಳಿ. ಈಚೆಗೆ ನಾನು ಸಿನಿಮಾ ನೋಡುವುದನ್ನು ಬಿಟ್ಟು, ಕೇಳುವುದಕ್ಕೆ ಶುರುಮಾಡಿದ್ದೇನೆ. ಕಣ್ಣು ಕಾಣದವರಿಗಾಗಿ ಕೆಲವು ಸಿನಿಮಾಗಳಿಗೆ ಇನ್ನೊಂದು ದನಿ ಸೇರಿಸಿರುತ್ತಾರೆ. ಪಾತ್ರಗಳು ಮಾತು ನಿಲ್ಲಿಸಿದ ಸಂದಿಯಲ್ಲಿ ಆ ದನಿ ಮೆಲ್ಲಗೆ ಬಂದು, ತೆರೆಯ ಮೇಲೆ ಏನು ನಡೆಯುತ್ತಿದೆ ಅಂತ ಹೇಳಿ ಹೋಗುತ್ತದೆ. ಅವಳು ಕಿಟಕಿ ಮುಚ್ಚುತ್ತಾಳೆ. ದೀಪ ಆರಿಸುವುದಿಲ್ಲ. ಅಷ್ಟೇ. ಅವಳಿಗೆ ದುಃಖವಾಗಿದೆ, ಪಾಪ ಎಂದೆಲ್ಲ ಹೇಳುವಂತಿಲ್ಲ. ಕಂಡದ್ದನ್ನು ಹೇಳಬೇಕು, ಬಾಯಿ ಮುಚ್ಚಿಕೊಳ್ಳಬೇಕು. ಕನ್ನಡದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತವೆ, ಉಳಿದದ್ದಕ್ಕೆ ಬೇರೆ ಭಾಷೆಗಳೇ ಗತಿ. ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೂತುಬಿಡುತ್ತೇನೆ. ಕಾರ್ಖಾನೆಯ ನೈಟ್ ಶಿಫ್ಟಿನವನು ನಿದ್ದೆ ಹೋಗಿದ್ದಾನೆಂದು ತಿಳಿದು ಕಂಡಕ್ಟರು ಎಷ್ಟೋ ಸಲ ಭುಜ ಅಲ್ಲಾಡಿಸಿ, “ಗೆಜ್ಜಲಗೆರೆ ಬಂತು ಕಣಯ್ಯ, ಇಳ್ಕೊ” ಎಂದು ಎಬ್ಬಿಸಿದ್ದಾನೆ. ಬೀಗರ ಊಟಗಳಲ್ಲಿ ಮೈಕು ಹಿಡಿದು ಊರವರ ದನಿ ತೆಗೆಯುವುದು, ನಾಟಕದ ಹುಡುಗರಿಗೆ ಪ್ರಹಸನ ಬರೆದುಕೊಡುವುದು ನನ್ನ ಕಸುಬು. ಅಲ್ಲೆಲ್ಲ ಒಂದಕ್ಕೆ ಹತ್ತು ಸೇರಿಸಿ ಹೇಳಿ ಹೇಳಿ ನನ್ನ ಬರವಣಿಗೆ ಮದುವೆ ಮನೆಯ ಪಾಯಸದ ಹಾಗೆ ಆಗಿತ್ತು. ಹತ್ತನ್ನು ಒಂದಕ್ಕೆ ಇಳಿಸುವುದನ್ನು ಆ ದನಿಯಿಂದ ಕಲಿಯೋಣ ಅಂತ ಕೇಳುವುದಕ್ಕೆ ಕೂತವನು ನಾನು. ಕಲಿಯುತ್ತ ಕಲಿಯುತ್ತ ಒಂದು ದಿನ, ಬಸ್ಸು ಮದ್ದೂರು ದಾಟುವಷ್ಟರಲ್ಲಿ, ಹೊಟ್ಟೆಯೊಳಗೆ ಹಳೆಯ ಕಿಚ್ಚೊಂದು ಎದ್ದು ಕೂತಿತು. ಆ ದನಿಯನ್ನು ನಾನು ಮೊದಲೇ ಕೇಳಿದ್ದೆ. ನಮ್ಮ ಮನೆಯಲ್ಲೇ.

ನಮ್ಮ ಮನೆ ಇರುವುದು ಆತಗೂರಿನ ಕಡೆಯ ಒಂದು ಹಳ್ಳಿಯಲ್ಲಿ. ನಾಡಹೆಂಚಿನ ಮನೆ, ಮುಂದೆ ಜಗಲಿ, ಒಳಕ್ಕೆ ಕಾಲಿಟ್ಟರೆ ನಡುಮನೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಡುಮನೆಯ ಒಂದು ಗೋಡೆಗೆ ರಾಗಿ ಮೂಟೆಗಳು ಒರಗಿಕೊಂಡಿದ್ದವು, ಎದುರು ಗೋಡೆಗೆ ಟೀವಿ. ಟೀವಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ಮದುಮಗಳ ಹಾಗೆ ಕೂರಿಸಿದ್ದರು. ಮದುಮಗಳ ಹಾಗೆಯೇ ಅದು ಮಾತೂ ಆಡುತ್ತಿರಲಿಲ್ಲ. ಯಾಕೆಂದರೆ ದೊಡ್ಡಪ್ಪ ಆಡಗೊಡುತ್ತಿರಲಿಲ್ಲ. ರಿಮೋಟು ದೊಡ್ಡಪ್ಪನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಇರುತ್ತಿತ್ತು. ಪಂಚೆ ಎತ್ತಿ ಅದನ್ನು ಹೊರಗೆ ತೆಗೆಯುವ ದೃಶ್ಯವನ್ನು ನಾನು ಇವತ್ತಿಗೂ ಬೀಗರ ಊಟಗಳಲ್ಲಿ ಮಾಡಿ ತೋರಿಸುತ್ತೇನೆ, ಹೆಂಗಸರೂ ನಗುತ್ತಾರೆ. ಟೀವಿ ಹಾಕುವವನು ಅವನೇ, ಆರಿಸುವವನೂ ಅವನೇ. ಹಾಕಿದ ಕೂಡಲೇ ಅವನ ಹೆಬ್ಬೆರಳು ಒಂದೇ ಗುಂಡಿಯ ಮೇಲೆ ಕೂತು, ದನಿಯನ್ನು ಒತ್ತಿ ಒತ್ತಿ ಪೂರ್ತಿ ಕೊಲ್ಲುತ್ತಿತ್ತು. ಇದಕ್ಕೊಂದು ಸಿದ್ಧಾಂತವಿತ್ತು. ನಮ್ಮ ಪಂಪ್‌ಸೆಟ್ಟಿನ ಮೋಟರು ಒಂದು ಸಲ ಗುಂಯ್ ಎಂದು ಜೋರಾಗಿ ಕೂಗಿ ಕೂಗಿ ಒಳಗಿನ ತಂತಿಯ ಕಾಯಿಲು ಸುಟ್ಟುಕೊಂಡಿತ್ತು. ಜೋರು ಸದ್ದು ಮಾಡುವ ಮೋಟರು ಜಾಸ್ತಿ ಕರೆಂಟು ಎಳೆಯುತ್ತದೆ ಎಂದು ರಿಪೇರಿಯವನು ಹೇಳಿದ್ದ. ದೊಡ್ಡಪ್ಪ ಆ ಜ್ಞಾನವನ್ನು ಗದ್ದೆಯಿಂದ ನೇರ ನಡುಮನೆಗೆ ತಂದ.

“ಸವುಂಡು ಕೊಟ್ಟಂಗೆಲ್ಲಾ ಕರೆಂಟ್ ಕುಡೀತದೆ ಕಣ್ರಮ್ಮಿ. ಮೋಟರ್ ನೋಡ್ನಿಲ್ವಾ? ಬೊಂಬೆ ನೋಡಕ್ಕೆ ಕಣ್ ಸಾಕು, ಕಿವಿ ಯಾಕೆ?”

ಎದುರು ಹೇಳುವವರು ಯಾರೂ ಇರಲಿಲ್ಲ. ದೊಡ್ಡಮ್ಮ ಹೇಳಿ ಹೇಳಿ ಸುಸ್ತಾಗಿದ್ದಳು. ಅಪ್ಪ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಇಡೀ ದಿನ ಮಿಷಿನ್ನಿನ ಗದ್ದಲದಲ್ಲಿ ನಿಂತು ಬರುತ್ತಿದ್ದ. ಅಣ್ಣನ ಸಿದ್ಧಾಂತ ಅವನಿಗೆ ದೇವರು ಕೊಟ್ಟ ವರ. ಮೂಕ ಟೀವಿಯ ಮುಂದೆ ಬಾಯಿ ತೆರೆದು, ಹಸುಗೂಸಿನ ಹಾಗೆ ನಿದ್ದೆ ಮಾಡುತ್ತಿದ್ದ. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲವಾದ್ದರಿಂದ ಆ ಮನೆಯಲ್ಲಿ ಬೈಸಿಕೊಳ್ಳುವ ಉದ್ಯೋಗ ಪೂರ್ತಿ ನನ್ನೊಬ್ಬನದು. ಇವರೆಲ್ಲರಿಗಿಂತ ಕಷ್ಟವಾಗಿದ್ದುದು ಅಜ್ಜಿಗೆ, ದೊಡ್ಡಪ್ಪನನ್ನೂ ಅಪ್ಪನನ್ನೂ ಹೆತ್ತವಳಿಗೆ. ಅವಳ ಒಂದು ಕಣ್ಣು ಆಪರೇಷನ್ ಮಾಡಿಸಿದರೂ ಸರಿಹೋಗಿರಲಿಲ್ಲ, ಇನ್ನೊಂದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಬೆಳಕಿದೆ, ಬೆಳಕಿಲ್ಲ ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಕಿವಿ ಮಾತ್ರ ಪಾಪಾಸುಕಳ್ಳಿಯ ಮುಳ್ಳಿನ ಹಾಗೆ ಚೂಪು. ಹಿತ್ತಲಲ್ಲಿ ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು ಅಂತ ಜಗಲಿಯಲ್ಲಿ ಕೂತೇ ಹೇಳುತ್ತಿದ್ದಳು. ಅಂಥವಳ ಮುಂದೆ ಸದ್ದಿಲ್ಲದ ಟೀವಿ ಇಡುವುದೆಂದರೆ, ಹಲ್ಲಿಲ್ಲದವರ ಮುಂದೆ ಕಬ್ಬಿನ ಜಲ್ಲೆ ಇಟ್ಟ ಹಾಗೆ.

ಸಂಜೆ ದೀಪ ಹಚ್ಚಿದ ಮೇಲೆ ಧಾರಾವಾಹಿ ಹಾಕಿಕೊಟ್ಟು ದೊಡ್ಡಪ್ಪ ಹಾಲಿನ ಡೇರಿಯ ಕಡೆ ಹೋಗುತ್ತಿದ್ದ. ಡೇರಿಯಲ್ಲಿ ಅವನೊಬ್ಬ ಡೈರೆಕ್ಟರು. ಅವ್ವ, ದೊಡ್ಡಮ್ಮ ಮೊರದ ತುಂಬ ಅವರೆಕಾಯಿ ಹರವಿಕೊಂಡು ಸುಲಿಯಲು ಕೂರುತ್ತಿದ್ದರು. ಅಜ್ಜಿ ಕಂಬಕ್ಕೆ ಒರಗಿ, ಕಾಳು ಹಿತುಕುತ್ತ, ಟೀವಿ ಇರುವ ಕಡೆ ಕಿವಿ ತಿರುಗಿಸಿ ಕೇಳುತ್ತಿದ್ದಳು.

“ಈಗೇನಾಯ್ತ್ರಮ್ಮಿ?”

ಮೊದಮೊದಲು ಅವರಿಬ್ಬರೂ ಹೇಳುತ್ತಿದ್ದರು. ಆಮೇಲೆ ಕಾಯಿ ಸುಲಿಯುವುದೋ, ನೋಡುವುದೋ, ಹೇಳುವುದೋ ಎಂದು ಬೇಸರವಾಗಿ ಆ ಕೆಲಸವನ್ನು ನನಗೆ ತಗುಲಿಹಾಕಿದರು. ನನ್ನ ಕಸುಬು ಶುರುವಾದದ್ದು ಹೀಗೆ. ತುಟಿ ಆಡುವುದು ಮಾತ್ರ ನನಗೆ ಕಾಣುತ್ತಿತ್ತು, ಮಾತು ನಾನೇ ಹುಟ್ಟಿಸಬೇಕು. ಎಲ್ಲಿಂದ ಹುಟ್ಟಿಸಲಿ? ನನಗೆ ಗೊತ್ತಿದ್ದುದು ನಮ್ಮ ಮನೆಯ ಮಾತು ಒಂದೇ. ಬಂಗಲೆಯಂಥ ಮನೆಯಲ್ಲಿ ಮೈತುಂಬ ಒಡವೆ ಹಾಕಿಕೊಂಡು ನಿಂತ ಸೊಸೆ ದೊಡ್ಡಮ್ಮನ ದನಿಯಲ್ಲಿ ಮೂಗೆಳೆದಳು. ಅವಳ ಗಂಡ, ಕೋಟು ಹಾಕಿದವನು, ಅಪ್ಪನ ಹಾಗೆ ಹೂಂ ಹೂಂ ಎಂದ. ಜರಿ ಶಾಲು ಹೊದ್ದು ಮೆಟ್ಟಿಲು ಇಳಿದುಬರುತ್ತಿದ್ದ ಮಾವನಿಗೆ ಯಾರ ದನಿ ಕೊಟ್ಟೆನೆಂದು ಹೇಳಬೇಕಾಗಿಲ್ಲ.

“ಯಾರಮ್ಮಿ ಅದು ಒಗ್ಗರಣೆಗೆ ಎಣ್ಣೆ ಸುರೀತಿರದು? ಎಣ್ಣೆ ಏನು ನಾಲೇಲಿ ಅರ್ಕಂಡು ಬತ್ತದಾ? ಬಿಸ್ನೀರ್ ಕಾಯ್ಸಕ್ಕೆ ಇನ್ನೂ ಎಷ್ಟ್ ಸೌದೆ ತುರುಕ್ತೀರಿ? ತಣ್ಣೀರ್ ಉಯ್ಕಂಡ್ರೆ ಸತ್ತೋಯ್ತೀರಾ?”

ಅಜ್ಜಿ ನಗುತ್ತಿದ್ದ ರೀತಿಯನ್ನು ಮಾತ್ರ ನನಗೆ ಇವತ್ತಿಗೂ ತೆಗೆಯಲು ಬಂದಿಲ್ಲ. ಮೊದಲು ಉಸಿರು ನಿಲ್ಲುತ್ತಿತ್ತು, ಭುಜ ಅಲುಗುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಕೀರಲು ಸದ್ದೊಂದು ಹೊರಗೆ ಬರುತ್ತಿತ್ತು. ಆ ಸದ್ದಿಗಾಗಿ ನಾನು ಏನು ಬೇಕಾದರೂ ಹೇಳಲು ತಯಾರಿದ್ದೆ. ಒಂದು ಸಂಜೆ ಮಾವನ ಪಾತ್ರದಲ್ಲಿ ನಾನು ಪಂಚೆ ಎತ್ತಿ ರಿಮೋಟು ಹುಡುಕುತ್ತಿದ್ದೆ, ಬೆನ್ನು ಬಾಗಿಲ ಕಡೆಗಿತ್ತು. ಅವ್ವ ನಗು ನಿಲ್ಲಿಸಿದಳು. ದೊಡ್ಡಮ್ಮ ಮೊರ ಎತ್ತಿಕೊಂಡು ಎದ್ದಳು. ಅಪ್ಪನ ಗೊರಕೆ ನಿಂತಿತು. ಅಜ್ಜಿಯೊಬ್ಬಳೇ ನಗುತ್ತಿದ್ದಳು, ಅವಳಿಗೆ ಬಾಗಿಲಲ್ಲಿ ನಿಂತವನು ಕಾಣಲಿಲ್ಲ. ಅವಳ ನಗುವಿನ ಹುರುಪಿನಲ್ಲಿ ನಾನು ಇನ್ನೂ ನಾಲ್ಕು ಬೈಗುಳ ಸೇರಿಸಿ ತಿರುಗಿದೆ.

ದೊಡ್ಡಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಈ ಅಧ್ಯಾಯ ಒಂದು ಪುಟಕ್ಕೆ ಮುಗಿಯುತ್ತಿತ್ತು. ನನ್ನ ಕೈ ಹಿಡಿದು ಎಳೆದು ತಂದು ಅಜ್ಜಿಯ ತಲೆಯ ಮೇಲೆ ಇಟ್ಟ.

“ಅಜ್ಜಿ ತಲೆ ಮುಟ್ಟಿ ಆಣೆ ಮಾಡು. ಇನ್ಮ್ಯಾಕೆ ಟೀವಿ ಮುಂದೆ ಬಾಯ್ ಬುಡಕಿಲ್ಲ ಅಂತ ಯೋಳು.”

“ಲೋ ನಿಂಗ, ಮಗ ಕಣ್ಲಾ ಅದು, ಬುಡು” ಎಂದು ಅಜ್ಜಿ ದೊಡ್ಡಪ್ಪನನ್ನು ಗದರಿದಳು.

“ನೀ ಸುಮ್ಕಿರವ್ವ. ಯೋಳ್ಲಾ. ಆಣೆ ಮುರುದ್ರೆ ಏನಾಯ್ತದೆ ಅಂತ ಗೊತ್ತಲ್ಲ, ಅಜ್ಜಿ ತಲೆ ಸಿಡ್ದೋಯ್ತದೆ.”

ಅಜ್ಜಿಯ ತಲೆ ನನ್ನ ಅಂಗೈ ಕೆಳಗೆ ಬೆಚ್ಚಗಿತ್ತು, ಹರಳೆಣ್ಣೆಯ ಜಿಡ್ಡಿತ್ತು. ಅದು ಸಿಡಿಯುವುದನ್ನು ನಾನು ಕಣ್ಣಾರೆ ಕಂಡೆ. ಆಣೆ ಮಾಡಿದೆ. ಆಣೆಗೆ ನಮ್ಮ ಮನೆಯಲ್ಲಿ ಅಷ್ಟು ಬೆಲೆ ಇತ್ತು. ನೀರಾವರಿ ಸರದಿಯ ಜಗಳದಲ್ಲಿ ತಲೆ ಮುಟ್ಟಿ ಹೇಳಿದರೆ ಊರೇ ನಂಬುತ್ತಿತ್ತು. ಮರುದಿನದಿಂದ ನಾನು ಟೀವಿಯ ಮುಂದೆ ತುಟಿ ಹೊಲಿದುಕೊಂಡು ಕೂತೆ. ನನ್ನಂಥವನಿಗೆ ಅದೆಂಥ ಶಿಕ್ಷೆ ಎಂದರೆ, ಶಾಲೆಯಲ್ಲೂ ಮಂಕಾಗಿ ಕೂತದ್ದು ಕಂಡು ಮೇಷ್ಟರು ನನಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿದ್ದರು. ಅಜ್ಜಿ ಕೆಲವು ದಿನ ಕಂಬಕ್ಕೆ ಒರಗಿ, ಈಗೇನಾಯ್ತ್ರಮ್ಮಿ ಎಂದು ಕೇಳಿದಳು. “ಏನಿಲ್ಲ ಕಣತ್ತೆ, ಅಳ್ತಾವ್ಳೆ” ಎಂದಳು ಅವ್ವ. ಅದಾದ ಮೇಲೆ ಅಜ್ಜಿ ಕೇಳುವುದನ್ನು ಬಿಟ್ಟಳು. ಆಮೇಲೆ ನಡುಮನೆಗೆ ಬರುವುದನ್ನೂ ಬಿಟ್ಟಳು. ಧಾರಾವಾಹಿಯ ಹೊತ್ತಿಗೆ ಅಡುಗೆಮನೆಯಲ್ಲಿ ಒಲೆಯ ಮುಂದೆ, ಆರಿದ ಬೂದಿಯ ಕಡೆ ಮುಖ ಮಾಡಿ ಒಬ್ಬಳೇ ಕೂರುತ್ತಿದ್ದಳು. ನಾನು ಬಾಗಿಲ ಮರೆಯಿಂದ ಅದನ್ನು ನೋಡಿ ನೋಡಿ ಒಳಗೇ ಕುದಿಯುತ್ತಿದ್ದೆ. ದೊಡ್ಡಪ್ಪ ಜಾರಿ ಬೀಳಲಿ ಎಂದು ಬಚ್ಚಲ ಕಲ್ಲಿನ ಮೇಲೆ ಸೀಗೆಪುಡಿ ಕಲಸಿದ ನೀರು ಸುರಿದೆ, ಜಾರಿ ಬಿದ್ದದ್ದು ನಾನೇ. ಅವನ ಚಪ್ಪಲಿಯೊಳಗೆ ನೆಗ್ಗಿಲ ಮುಳ್ಳು ಇಟ್ಟೆ, ಆವತ್ತೇ ಅವನು ಹೊಸ ಚಪ್ಪಲಿ ತಂದ. ದೇವರೂ ಡೇರಿಯ ಡೈರೆಕ್ಟರುಗಳ ಪಕ್ಷವೇ ಎಂದು ನನಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಡೇರಿಗೆ ಹೊಸ ಅಧ್ಯಕ್ಷರನ್ನು ಆರಿಸುವ ಕಾಲ ಬಂತು. ಆರಿಸುವವರು ಡೈರೆಕ್ಟರುಗಳೇ, ಕೈ ಎತ್ತಿ. ದೊಡ್ಡಪ್ಪ ಎಷ್ಟೋ ವರ್ಷದಿಂದ ಆ ಕುರ್ಚಿಯ ಕಡೆ ಕಣ್ಣಿಟ್ಟಿದ್ದ. ಮುಖ್ಯವಾದ ಮೂವರನ್ನು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದ. ನಾಟಿ ಕೋಳಿ ಸಾರು, ಮುದ್ದೆ, ಅದರ ಮೇಲೆ ಅನ್ನ, ಮಜ್ಜಿಗೆ. ಬೆಳಗಿನಿಂದ ಅವ್ವ, ದೊಡ್ಡಮ್ಮ ಒರಳಿನ ಮುಂದೆ ಬೆವರು ಸುರಿಸಿದರು. ಆವತ್ತು ಎಣ್ಣೆಯ ಡಬ್ಬಿಯನ್ನು ದೊಡ್ಡಪ್ಪನೇ ತಂದು ಒಲೆಯ ಪಕ್ಕ ಇಟ್ಟಾಗ ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಬಂದವರು ಪುಟ್ಟಸ್ವಾಮಣ್ಣ, ಕೆಂಪಣ್ಣ, ಮತ್ತೆ ಎಲ್ಲರಿಗಿಂತ ಹಿರಿಯರಾದ ಜವರಪ್ಪನವರು. ದೊಡ್ಡಪ್ಪ ಅವರ ಮುಂದೆ ಆಡಿದ ಭಾಷೆ ಕೇಳಿ ನಾನು ದಂಗಾಗಿ ನಿಂತೆ. ಭಾಷಣಗಳಲ್ಲಿ ಬರುವಂಥದು.

“ತಮ್ಮಂಥ ಅನುಭವಸ್ಥರ ಆಶೀರ್ವಾದ ಒಂದಿದ್ದರೆ ಸಾಕು. ನನಗೆ ಅಧಿಕಾರದ ಆಸೆ ಇಲ್ಲ.”

ಉಂಡಾದ ಮೇಲೆ ಎಲೆ ಅಡಿಕೆಯ ತಟ್ಟೆ ಇಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ದೊಡ್ಡಪ್ಪ ಟೀವಿ ಹಾಕಿದ. ಪೂರ್ತಿ ಸದ್ದು ಕೊಟ್ಟ! ನಮ್ಮ ಟೀವಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು, ತನ್ನ ಕಂಬದ ಬುಡದಲ್ಲಿ ಕೂತಳು. ಅವಳ ಮುಖವನ್ನು ನಾನು ನೋಡಿದೆ. ತನ್ನ ಮಗ ತನಗಾಗಿ ಒಂದು ದಿನವೂ ಕೊಡದ ಸದ್ದನ್ನು ಪರರಿಗೆ ಹೇಗೆ ಧಾರಾಳವಾಗಿ ಕೊಟ್ಟ ಎನ್ನುವುದನ್ನು ಅವಳು ಕಿವಿ ತುಂಬ ಕೇಳುತ್ತಿದ್ದಳು. ಒಂದು ಹಾಡು ಮುಗಿಯಿತೋ ಇಲ್ಲವೋ, ಕರೆಂಟು ಹೋಯಿತು.

“ಯಾಕ್ಲಾ ನಿಂಗ, ಟೀವಿ ಬಾಯ್ ಮುಚ್ಕಂತು?”

“ಕರೆಂಟ್ ಓಯ್ತು ಕಣವ್ವ.”

“ಓಗ್ಲಿ ಬುಡು. ಲೇ ಮಂಜ, ಬಾ ಇಲ್ಲಿ. ನೀನ್ ಯೋಳ್ಲಾ.”

ನಾನು ಹತ್ತಿರ ಹೋಗಿ ಅವಳ ಕಿವಿಯಲ್ಲಿ, “ಆಣೆ ಅದೆ ಕಣಜ್ಜಿ, ನಿನ್ ತಲೆ ಮ್ಯಾಲೆ” ಎಂದೆ. ಅಜ್ಜಿ ಗಟ್ಟಿಯಾಗಿಯೇ ಉತ್ತರ ಕೊಟ್ಟಳು.

“ನನ್ ತಲೆ ತಾನೆ? ನಾನು ಬುಟ್ಟಿವ್ನಿ. ಯೋಳು.”

“ಏನ್ ಯೋಳ್ಲಿ? ಟೀವೀಲಿ ಏನೂ ಇಲ್ವಲ್ಲ.”

“ದಿನಾ ಡೇರಿಯಿಂದ ಬಂದು, ಕೈಕಾಲ್ ತೊಳ್ಕಂಡು, ಉಣ್ತಾ ನಿಮ್ ದೊಡ್ಡಪ್ಪ ಅಲ್ಲೀ ಸಮಾಚಾರ ಯೋಳ್ತನಲ್ಲ, ಅದ ಯೋಳು. ನಂಗೆ ಅದೇ ಧಾರಾವಾಯಿ. ಇದ್ದಿದ್ ಇದ್ದಂಗೆ ಯೋಳು, ನಿಂದೇನೂ ಸೇರಿಸ್ಬೇಡ.”

ದೊಡ್ಡಪ್ಪ ನಕ್ಕ. ಹಲ್ಲು ಮಾತ್ರ ನಕ್ಕವು. “ಈಗ ಅದೆಲ್ಲಾ ಯಾಕವ್ವ” ಎಂದ. ಪುಟ್ಟಸ್ವಾಮಣ್ಣ ಎಲೆಗೆ ಸುಣ್ಣ ಸವರುತ್ತ, “ಇರ್ಲಿ ಯೋಳ್ಲಿ ಬುಡಿ ಗೌಡ್ರೆ, ಉಡ್ಗ ಚೆಂದಾಗಿ ದನಿ ತೆಗೀತನಂತೆ” ಎಂದರು. ಅವರೇ ಕೇಳಿದರು, ನನ್ನ ತಪ್ಪೇನು? ನಾನು ಒಂದು ತಟ್ಟೆ ಎಳೆದುಕೊಂಡೆ, ಮುಂಗೈ ಮೇಲಕ್ಕೆ ತೋಳು ಏರಿಸಿಕೊಂಡೆ, ಇಲ್ಲದ ಮುದ್ದೆಯನ್ನು ಮುರಿದು ಇಲ್ಲದ ಸಾರಿಗೆ ಅದ್ದಿದೆ. ಗಂಟಲಿಗೆ ದೊಡ್ಡಪ್ಪನನ್ನು ಕರೆದುಕೊಂಡೆ.

“ಆ ಪುಟ್ಟಸ್ವಾಮಿ ಅವ್ನಲ್ಲ, ಅಂವ ಅಸ ಕರೆಯಕ್ ಮುಂಚೆ ಕೊಳಾಯಿ ಕೆಳ್ಗೇ ಕಟ್ಟಾಕ್ತನೆ ಕಣವ್ವ. ಅಸ ಎಷ್ಟ್ ಕೊಡ್ತದೋ ಕೊಳಾಯಿ ಅಷ್ಟ್ ಕೊಡ್ತದೆ. ಕೆಂಪಣ್ಣ ಮೀಟಿಂಗ್‌ಗೆ ಬರದೇ ಖಾರಾಬೂಂದಿಗೆ. ತಟ್ಟೆ ಖಾಲಿ ಆಗ್ತಿದ್ದಂಗೇ ಸಭೆ ಮುಗೀತು ಅಂತ ಎದ್ಬುಡ್ತನೆ. ಇನ್ನ ಜವರಪ್ಪ, ಅಂವ ಒಬ್ಬ ಮನುಸ್ಯ! ಕೈ ಎತ್ತು ಅಂದ್ರೆ ಎತ್ತಾನೆ. ಇಳ್ಸು ಅಂತ ಯಾರೂ ಯೋಳ್ದೆ ಓದ್ರೆ ಸಂಜೆಗಂಟ ಅಂಗೇ ಕೂತಿರ್ತಾನೆ. ಇವ್ರಿಗೆ ಒಂದೊಂದ್ ಕೋಳಿ ತೊಡೆ ಎಸುದ್ರೆ ಆಯ್ತು, ಕುರ್ಚಿ ನಂದೇಯ.”

ಒಂದು ಅಕ್ಷರವನ್ನೂ ನಾನು ಸೇರಿಸಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ದೊಡ್ಡಪ್ಪ ನಾಲಗೆಯಲ್ಲಿ ಹುಡುಕುವ ಸದ್ದನ್ನೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಲೋಟವೊಂದು ಬಿದ್ದು ಉರುಳಿ ಉರುಳಿ ನಿಂತಿತು. ಪುಟ್ಟಸ್ವಾಮಣ್ಣ ಸುಣ್ಣ ಸವರಿದ ಎಲೆಯನ್ನು ಬಾಯಿಗೆ ಹಾಕದೆ ತಟ್ಟೆಯಲ್ಲೇ ಇಟ್ಟರು. ಕೆಂಪಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಜವರಪ್ಪನವರು ಎದ್ದು ನಿಂತು, ಬಾಗಿಲ ತನಕ ಹೋಗಿ, ತಿರುಗಿದರು.

“ಸಾರು ಬೋ ಚೆಂದಾಗಿತ್ತು ಕಣಮ್ಮ” ಎಂದು ಅಡುಗೆಮನೆಯ ಕಡೆಗೆ ಹೇಳಿ ಹೊರಟರು.

ಅವರು ಬೀದಿ ತಿರುಗುವ ತನಕ ದೊಡ್ಡಪ್ಪ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ಆ ಕೈಗಳು ಬಿಚ್ಚಿಕೊಂಡು ನನ್ನ ಕಡೆ ಬಂದವು. ನಾನು ಅಜ್ಜಿಯ ಬೆನ್ನಿಗೆ ಸೇರಿಕೊಂಡೆ. ನನ್ನ ಧೈರ್ಯ ಅಷ್ಟೇ.

“ಅವ್ನ ಯಾಕ್ ಒಡೀತೀಯಾ? ಒಂದಾರ ಸುಳ್ ಯೋಳ್ತಾ ಮಗ?”

“ಅವ್ರೆಲ್ಲಾ ಮುಂದೇನೇ ಕೂತಿದ್ರಲ್ಲವ್ವ! ನನ್ ಮಾನ ತಗುದ್ಬುಟ್ಯಲ್ಲ!”

“ಕೂತಿದ್ರಾ?” ಎಂದಳು ಅಜ್ಜಿ. “ನಂಗೆ ಕಣ್ ಕಾಣಕಿಲ್ವಲ್ಲಪ್ಪ. ಸದ್ ಇರ್ನಿಲ್ಲ, ಎದ್ದೋದ್ರೇನೋ ಅನ್ಕಂಡೆ.”

ಕೋಳಿ ಮೊಟ್ಟೆ ಇಡುವುದು ಕೇಳಿಸುತ್ತಿದ್ದ ಕಿವಿ ಅದು. ದೊಡ್ಡಪ್ಪನಿಗೂ ಗೊತ್ತಿತ್ತು. ಚುನಾವಣೆಯ ದಿನ ದೊಡ್ಡಪ್ಪನ ಹೆಸರಿಗೆ ಎತ್ತಿದ್ದು ದೊಡ್ಡಪ್ಪನ ಕೈ ಒಂದೇ. ಅಧ್ಯಕ್ಷರಾದವರು ಜವರಪ್ಪನವರು. ಎತ್ತಿದ ಕೈಯನ್ನು ಅವರು ದೊಡ್ಡಪ್ಪ ಎದ್ದು ಹೊರಗೆ ಹೋಗುವ ತನಕ ಇಳಿಸಲಿಲ್ಲವಂತೆ. ಆ ಸುದ್ದಿ ಕೇಳಿದ ಸಂಜೆ ನಾನು ಹಿತ್ತಲಿಗೆ ಹೋಗಿ, ಹುಣಸೆಮರದ ಸುತ್ತ ಒಬ್ಬನೇ ಕುಣಿದೆ. ಕತೆ ಅಲ್ಲಿಗೇ ಮುಗಿದಿದ್ದರೆ ನನ್ನಷ್ಟು ಸುಖಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರುತ್ತಿರಲಿಲ್ಲ.

ಡೇರಿಗೆ ಮುಖ ತೋರಿಸಲಾರದೆ ದೊಡ್ಡಪ್ಪ ಸಂಜೆ ಮನೆಯಲ್ಲೇ ಕೂರತೊಡಗಿದ. ಅಜ್ಜಿ ಮತ್ತೆ ಕಂಬದ ಬುಡಕ್ಕೆ ಬಂದಳು. ನಾನು ಗಂಟಲು ಸರಿಮಾಡಿಕೊಂಡು ಅವಳ ಪಕ್ಕ ಜಾಗ ಹಿಡಿದೆ. ಆದರೆ ಅವಳ ಲೆಕ್ಕ ಇನ್ನೂ ಚುಕ್ತಾ ಆಗಿರಲಿಲ್ಲ.

“ನಿಂಗ, ಅವತ್ತು ಅವ್ರಿಗೆ ಕೊಟ್ಯಲ್ಲ ಸವುಂಡು, ನಂಗೂ ಕೊಡು. ಇಲ್ದೆ ಓದ್ರೆ ನೀನೇ ಕೂತ್ಕಂಡು ಯೋಳು. ಎರಡ್ರಲ್ಲಿ ಒಂದು.”

ದೊಡ್ಡಪ್ಪ ರಿಮೋಟಿನ ಕವರು ಬಿಚ್ಚಿದ, ಮತ್ತೆ ಸುತ್ತಿದ. ಸದ್ದು ಕೊಟ್ಟರೆ, ಇಷ್ಟು ವರ್ಷ ಹೇಳಿದ ಮೋಟರಿನ ಸಿದ್ಧಾಂತ ಸುಳ್ಳು ಎಂದು ಒಪ್ಪಿಕೊಂಡ ಹಾಗೆ. ಅಧ್ಯಕ್ಷಗಿರಿ ಹೋಗಿತ್ತು, ಸಿದ್ಧಾಂತವೊಂದಾದರೂ ಉಳಿಯಲಿ ಅನ್ನಿಸಿರಬೇಕು. ಚಾಪೆಯ ಮೇಲೆ ಸರಿದು ಬಂದು, ಅಜ್ಜಿಯ ಪಕ್ಕ, ನನ್ನ ಜಾಗದಲ್ಲಿ ಕೂತ. ನಾನು ಎದ್ದು ಮೂಟೆಯ ಮೇಲೆ ಹತ್ತಿ ಕೂತೆ, ಈ ಮೊದ್ದು ಹೇಗೆ ಒದ್ದಾಡುತ್ತಾನೋ ನೋಡಿ ಮಜಾ ತಗೊಳ್ಳಲು. ದೊಡ್ಡಪ್ಪನಿಗೆ ಒಂದು ದನಿಯೂ ತೆಗೆಯಲು ಬರುತ್ತಿರಲಿಲ್ಲ, ಒಂದು ಮಾತನ್ನೂ ಕಟ್ಟಲು ಬರುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ದನ ಎಣಿಸುವವನ ಹಾಗೆ ಹೇಳಿದ.

“ಒಂದ್ ಎಂಗ್ಸು ಬಂತು. ಹಸ್ರು ಸೀರೆ. ಬಾಗ್ಲತ್ರ ನಿಂತ್ಕಂತು. ಕೈಲಿ ಲೋಟ ಅದೆ. ಕುಡೀನಿಲ್ಲ.”

“ಯಾಕ್ ಕುಡೀನಿಲ್ಲ?”

“ನಂಗೇನ್ ಗೊತ್ತು? ಕುಡೀನಿಲ್ಲ, ಅಷ್ಟೇಯ.”

ಅಜ್ಜಿ ಹಿತುಕುತ್ತಿದ್ದ ಕಾಳನ್ನು ಕೈಯಲ್ಲೇ ಬಿಟ್ಟು ಮುಂದಕ್ಕೆ ಬಾಗಿದಳು. ನಾನಾಗಿದ್ದರೆ ಆ ಹೆಂಗಸಿಗೆ ಇಪ್ಪತ್ತು ಮಾತು ಆಡಿಸಿ, ಗಂಡನಿಗೆ ಬೈಸಿ, ಅತ್ತೆಗೆ ಶಾಪ ಹಾಕಿಸಿಬಿಡುತ್ತಿದ್ದೆ. ದೊಡ್ಡಪ್ಪ ಏನನ್ನೂ ಸೇರಿಸಲಿಲ್ಲ. “ಕುಡೀನಿಲ್ವಾ” ಎಂದು ಅಜ್ಜಿ ತನ್ನಷ್ಟಕ್ಕೆ ಹೇಳಿಕೊಂಡಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಅಷ್ಟು ದಿನ ದನಿ ಹರಿದುಕೊಂಡು ನಗಿಸಿದ್ದೆ. ಅಳಿಸಲು ಒಂದು ಸಲವೂ ಆಗಿರಲಿಲ್ಲ. ಮೂಟೆಯಿಂದ ಇಳಿದು ಹೋಗಿ, “ನಾನ್ ಯೋಳ್ಲಾ ಅಜ್ಜಿ?” ಎಂದು ಅವಳ ತೋಳು ಹಿಡಿದೆ.

“ತಡಿಯಪ್ಪ, ನಿಂದು ಆಮ್ಯಾಕೆ. ಅವ್ಳು ಕುಡೀತಾಳಾ ಏನು, ನೋಡವ.”

ಆಮ್ಯಾಕೆ ಎಂದದ್ದು ಆಮೇಲೂ ಬರಲಿಲ್ಲ. ದಿನವೂ ದೊಡ್ಡಪ್ಪನೇ ಹೇಳಿದ. ಅಜ್ಜಿಗೆ ಬೇಜಾರಾದ ದಿನ ಮಾತ್ರ ನನ್ನನ್ನು ಕರೆಯುತ್ತಿದ್ದಳು, ಊಟವಾದ ಮೇಲೆ ಬಾಳೆಹಣ್ಣು ಕೇಳುವ ಹಾಗೆ. ಆಣೆ ಮಾಡಿಸಿದ್ದನ್ನು ನಾನು ಎಂದಾದರೂ ಮರೆತೇನು. ಈ ಕಳ್ಳತನವನ್ನು ಮರೆಯುವ ಮಾತಿಲ್ಲ. ನಾನು ಅವನ ಕುರ್ಚಿ ಕಿತ್ತುಕೊಂಡೆ, ಅವನು ನನ್ನ ಕಂಬದ ಬುಡ ಕಿತ್ತುಕೊಂಡ. ಯಾರ ನಷ್ಟ ದೊಡ್ಡದು ಎಂದು ನನ್ನನ್ನು ಕೇಳಬೇಡಿ. ಅಜ್ಜಿ ಈಗಿಲ್ಲ. ಕಡೆಯ ದಿನಗಳಲ್ಲಿ ಟೀವಿಯೂ ಬೇಡವಾಗಿ, ಜಗಲಿಯಲ್ಲಿ ಕೂತು, ಬೀದಿಯಲ್ಲಿ ಹೋಗಿಬರುವವರನ್ನು ಅವನು ಒಬ್ಬೊಬ್ಬರನ್ನಾಗಿ ಹೇಳುವುದನ್ನು ಕೇಳುತ್ತಿದ್ದಳು. ಸೈಕಲ್ ಬಂತು. ತುಳಿಯವ ಕೆಂಪ್ ಅಂಗಿ. ಇತ್ಲಾಗ್ ನೋಡ್ನಿಲ್ಲ.

ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನನ್ನ ಕಿವಿಯೊಳಗೆ ಬರುವ ದನಿ ಇದೇ. ಎಲ್ಲೋ ಸ್ಟುಡಿಯೋದಲ್ಲಿ ಕೂತ, ಓದಿದ, ನಯವಾದ ಗಂಟಲು. ಕೆಲಸ ಮಾತ್ರ ದೊಡ್ಡಪ್ಪನದೇ. ದೀಪ ಆರಿಸುವುದಿಲ್ಲ ಎಂದು ಹೇಳಿ ಅದು ಸುಮ್ಮನಾದಾಗ ಅಜ್ಜಿಯ ಹಾಗೆ ನಾನೂ ಮುಂದಕ್ಕೆ ಬಾಗುತ್ತೇನೆ, ಅದರ ಹಿಂದೆಯೇ ಹೊಟ್ಟೆ ಉರಿಯುತ್ತದೆ. ಬೇರೆ ಯಾರಾದರೂ ಸಿಗಬಾರದಿತ್ತೇ ಗುರುವಾಗಿ? ಆದರೂ ಕಲಿತೆ. ಕದ್ದೇ ಕಲಿತೆ ಅನ್ನಿ. ಗೆಳೆಯನೊಬ್ಬ ತೆಗೆದ ಪುಟ್ಟ ಸಿನಿಮಾಕ್ಕೆ ಹೋದ ತಿಂಗಳು ನಾನೇ ಅಂಥ ವಿವರಣೆ ಬರೆದು, ನಾನೇ ದನಿ ಕೊಟ್ಟೆ. ಯಾರ ಮಿಮಿಕ್ರಿಯೂ ಇಲ್ಲ, ನನ್ನದೇ ದನಿ. ನನ್ನ ದನಿ ಹೇಗಿದೆಯೆಂದು ನನಗೇ ಆವತ್ತು ಮೊದಲ ಸಲ ಗೊತ್ತಾಗಿದ್ದು, ಅಂಥ ಚೆನ್ನಾಗೇನೂ ಇಲ್ಲ. ಅವ್ವ ಅದನ್ನು ಮೊಬೈಲಿನಲ್ಲಿ ಮನೆಯವರಿಗೆಲ್ಲ ಕೇಳಿಸಿದ್ದಾಳೆ. ಮೊನ್ನೆ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ದೊಡ್ಡಪ್ಪನ ಫೋನು ಬಂತು. ಅವನು ನನಗೆ ತಾನಾಗಿ ಫೋನು ಮಾಡುವವನಲ್ಲ.

“ನಿಂದು ಕೇಳ್ದೆ ಕಣ್ಲಾ.”

“ಊಂ.”

“ಚೆಂದಾಗದೆ. ಅಂಗೇ ಯೋಳ್ಬೇಕು. ಜಾಸ್ತಿ ಮಾತಿಲ್ದಂಗೆ.” ಆಮೇಲೆ ಕೇಳಿದ. “ಇದ ಯಾರತ್ರ ಕಲ್ತೆ ನೀನು?”

ಏನು ಹೇಳಿದರೆ ಅವನ ಮುಖ ಅರಳುತ್ತದೆ ಎಂದು ನನಗೆ ಗೊತ್ತಿತ್ತು. ಆ ಮುಖವನ್ನು ನಾನು ಇಡೀ ಜಿಲ್ಲೆಗೆ ಮಾಡಿ ತೋರಿಸುವವನು. ಕಣ್ಣು ಮುಚ್ಚಿಯೂ ಬರೆಯಬಲ್ಲೆ. ನಿನ್ನತ್ರ ಅನ್ನುವ ಒಂದೇ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಚಹಾದ ಜೊತೆ ಅದನ್ನು ನುಂಗಿಕೊಂಡೆ.

“ಮೊಬೈಲ್ನಾಗೆ ಕಲ್ತೆ ಕಣ್ ದೊಡ್ಡಪ್ಪ.”

ದೊಡ್ಡಪ್ಪ ಫೋನು ಇಡಲಿಲ್ಲ.